ಹೊರೆಯ ಗೆರೆ

ಇಂಗ್ಲಿಷ್ ಕಥೆಯೊಂದನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಪ್ಲಿಮ್ಸೋಲ್ ಅಂದರೆ ಏನು ಸಾರ್?’ ಎಂದು ಕೇಳಿದಳು. ‘ಕ್ಯಾನ್ವಾಸ್ ಶೂ’ ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಹೇಳಿದ್ದು ತಪ್ಪೇನಲ್ಲ. ಶನಿವಾರದ ಡ್ರಿಲ್ಲಿಗೆಂದು ನಾವು ಹಿಂದಿನ ರಾತ್ರಿ ಸೀಮೆಸುಣ್ಣ ಬಳಿದು ಒಣಗಿಸಿಡುತ್ತಿದ್ದ ಅದೇ ಬಿಳಿ ಶೂ. ಆದರೂ ಪದವೊಂದನ್ನು ಅಷ್ಟು ಅವಸರದಲ್ಲಿ ದಾಟಿದೆನಲ್ಲ ಎಂಬ ಅಳುಕು ಸಂಜೆಯವರೆಗೂ ಉಳಿಯಿತು. ನಿಘಂಟು ತೆರೆದೆ.

ಬ್ರಿಟನ್ನಿನ ಮಕ್ಕಳು ಶಾಲೆಯ ವ್ಯಾಯಾಮಕ್ಕೆ ಹಾಕಿಕೊಳ್ಳುವ ಈ ಶೂವಿಗೆ ಅಲ್ಲಿಯೇ ಸೀಮೆಗೊಂದು ಹೆಸರಿದೆ. ಬ್ರಿಸ್ಟಲ್ ಕಡೆ ಡ್ಯಾಪ್ಸ್, ಸ್ಕಾಟ್ಲೆಂಡಿನಲ್ಲಿ ಸ್ಯಾಂಡ್‌ಶೂ. ಪ್ಲಿಮ್ಸೋಲ್ ಎಂಬ ಹೆಸರು ಹುಟ್ಟಿದ್ದು ಬಟ್ಟೆಯೂ ರಬ್ಬರಿನ ಅಟ್ಟೆಯೂ ಕೂಡುವಲ್ಲಿ ಸುತ್ತಿ ಬರುವ ಪಟ್ಟಿಯಿಂದ. ಹಡಗಿನ ಹೊರಮೈ ಮೇಲೆ ಬರೆದ ಹೊರೆಯ ಗೆರೆಯಂತೆ ಅದು ಕಾಣುತ್ತಿತ್ತು. ನೀರು ಆ ಗೆರೆಯನ್ನು ಮುಟ್ಟಿತೆಂದರೆ ಹಡಗಿಗೆ ಇನ್ನು ಸರಕು ತುಂಬಬಾರದು.

ಆ ಗೆರೆಗಾಗಿ ಹೋರಾಡಿದವನು ಸ್ಯಾಮ್ಯುಯೆಲ್ ಪ್ಲಿಮ್ಸೋಲ್. ಕಲ್ಲಿದ್ದಲಿನ ವ್ಯಾಪಾರಿ, 1868ರಿಂದ ಡರ್ಬಿ ಕ್ಷೇತ್ರದ ಸಂಸದ. ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ಕಡಲಿಗೆ ಕಳಿಸುವ ಮಾಲೀಕರಿದ್ದ ಕಾಲ ಅದು. ಹಡಗು ಮುಳುಗಿದರೆ ಅವರಿಗೆ ವಿಮೆಯ ಹಣ ಬರುತ್ತಿತ್ತು. ಕರಾರಿಗೆ ಸಹಿ ಮಾಡಿದ ನಾವಿಕ, ಹಡಗಿನ ಸ್ಥಿತಿ ಕಂಡು ಹತ್ತಲಾರೆನೆಂದರೆ ಅವನಿಗೆ ಸೆರೆಮನೆ. 1875ರಲ್ಲಿ ಸರ್ಕಾರ ತಾನೇ ತಂದ ಮಸೂದೆಯನ್ನು ಕೈಬಿಟ್ಟಾಗ ಪ್ಲಿಮ್ಸೋಲ್ ಸಂಸತ್ತಿನಲ್ಲಿ ಕೆರಳಿ ಕೂಗಾಡಿದ. ಅನಂತರ ಕ್ಷಮೆ ಕೇಳಿದ. ಮರುವರ್ಷ ಗೆರೆ ಕಡ್ಡಾಯವಾಯಿತು. ಆದರೆ ಅದನ್ನು ಎಲ್ಲಿ ಬರೆಯಬೇಕೆಂಬ ತೀರ್ಮಾನವನ್ನು ಕಾನೂನು ಮಾಲೀಕನಿಗೇ ಬಿಟ್ಟಿತ್ತು. ಅದನ್ನು ಸರಿಪಡಿಸಲು 1890ರವರೆಗೆ ಕಾಯಬೇಕಾಯಿತು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಹೊರಿಸುವವನೇ ಗೆರೆ ಬರೆಯುವ ಆ ಹದಿನಾಲ್ಕು ವರ್ಷಗಳು ನನಗೆ ಅಪರಿಚಿತವಾಗಿ ಕಾಣಲಿಲ್ಲ.

ಮಲೆನಾಡಿನ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಅಮ್ಮನನ್ನು ನೋಡಿಕೊಳ್ಳುತ್ತಿರುವವಳು ನನ್ನ ತಂಗಿ. ನಾನು ನಗರದಿಂದ ತಿಂಗಳು ತಿಂಗಳೂ ಹಣ ಕಳಿಸುತ್ತೇನೆ, ವಾರಕ್ಕೆರಡು ಸಲ ಫೋನು ಮಾಡುತ್ತೇನೆ. ‘ಕಷ್ಟ ಆಗ್ತಿದೆಯೇನೇ?’ ಎಂದರೆ, ‘ಇರ್ಲಿ ಬಿಡಣ್ಣ, ಆಗ್ತದೆ’ ಎನ್ನುತ್ತಾಳೆ. ಆ ಮಾತನ್ನು ನಾನು ಅವಳ ಶಕ್ತಿಯೆಂದು ತಿಳಿದೆ. ಅವಳು ಒಲ್ಲೆ ಎನ್ನಲಿಲ್ಲ, ಆದ್ದರಿಂದ ಅವಳಿಗೆ ಆಗುತ್ತದೆ ಎಂಬುದು ನನ್ನ ತರ್ಕವಾಗಿತ್ತು. ಒಲ್ಲೆ ಎನ್ನುವ ಅವಕಾಶ ಅವಳಿಗಿತ್ತೇ? ಅವಳು ಹಾಗೆಂದಿದ್ದರೆ ಅಮ್ಮನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಉತ್ತರ ಸಿದ್ಧವಿಲ್ಲದೆ ಪ್ರಶ್ನೆ ಕೇಳುತ್ತಿದ್ದೆ. ಅದು ಅವಳಿಗೂ ತಿಳಿದಿತ್ತು.

ಹಡಗಿನ ಮೇಲೆ ಇರುವುದು ಒಂದೇ ಗೆರೆಯಲ್ಲ ಎಂಬುದನ್ನು ಮರುದಿನ ಓದಿದೆ. ಈಗ ಬಳಕೆಯಲ್ಲಿರುವ ಕ್ರಮದಲ್ಲಿ ಉಷ್ಣವಲಯದ ಸಮುದ್ರಕ್ಕೊಂದು, ಬೇಸಿಗೆಗೊಂದು, ಚಳಿಗಾಲಕ್ಕೊಂದು, ಸಿಹಿನೀರಿಗೆ ಬೇರೆಯೇ ಒಂದು ಗೆರೆ. ಎಲ್ಲಕ್ಕಿಂತ ಕೆಳಗಿರುವುದು ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ್ದು. ಹಡಗು ಅದೇ, ಅದರ ಬಲವೂ ಅಷ್ಟೇ. ಕಡಲು ಒರಟಾದಾಗ ಅದು ಹೊರಬೇಕಾದ ಭಾರ ಕಡಿಮೆ. ಗೆರೆ ಕೆಳಗಿಳಿಯಿತೆಂದು ಹಡಗನ್ನು ಯಾರೂ ದುರ್ಬಲವೆನ್ನುವುದಿಲ್ಲ.

ನಾನು ಊರಿಗೆ ಹೋಗುತ್ತಿದ್ದುದು ಕಾಲೇಜಿಗೆ ರಜೆಯಿರುವ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಅಮ್ಮನ ಉಬ್ಬಸ ಹತೋಟಿಯಲ್ಲಿರುತ್ತದೆ. ಜಗಲಿಯಲ್ಲಿ ಕೂತು ಹಪ್ಪಳಕ್ಕೆ ಕಾವಲಿರುತ್ತಾಳೆ, ತಂಗಿ ನಗುತ್ತ ಓಡಾಡುತ್ತಾಳೆ. ಅದನ್ನೇ ಕಣ್ಣಿನಲ್ಲಿ ತುಂಬಿಕೊಂಡು ಮರಳುತ್ತಿದ್ದೆ. ಜೂನ್ ಕಳೆದು ಮಳೆ ಹಿಡಿದ ಮೇಲೆ ಕರೆಂಟು ಹೋಗಿ, ಗೋಡೆಯೆಲ್ಲ ತಣ್ಣಗಾಗಿ, ರಾತ್ರಿಯಿಡೀ ಕೂತೇ ಉಸಿರಾಡುವ ಅಮ್ಮನ ಬೆನ್ನಿಗೆ ಕೈಯಾನಿಸಿ ಅವಳೂ ಕೂತಿರುವುದನ್ನು ನಾನು ಆರು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಬೇಸಿಗೆಯ ಗೆರೆಯನ್ನೇ ವರ್ಷಕ್ಕೆಲ್ಲ ಅನ್ವಯಿಸಿದ್ದೆ. ಹಣ ಕಳಿಸುವುದನ್ನು ಭಾರ ಹಂಚಿಕೊಳ್ಳುವುದೆಂದು ನಂಬಿದ್ದೆ. ಹಣ ಬೇಕಾಗಿತ್ತು, ನಿಜ. ಆದರೆ ಅದು ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದಿಲ್ಲ.

ಆ ವಿದ್ಯಾರ್ಥಿನಿಗೆ ಮುಂದಿನ ತರಗತಿಯಲ್ಲಿ ಪದದ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಈ ವರ್ಷ ರಜೆಗೆ ಕಾಯದೆ ಆಷಾಢದಲ್ಲಿ ಊರಿಗೆ ಹೋದೆ. ಹನ್ನೆರಡು ರಾತ್ರಿ ಅಮ್ಮನ ಕೋಣೆಯಲ್ಲಿ ನಾನಿದ್ದೆ. ಮೊದಲ ರಾತ್ರಿ ತಂಗಿ ನಾಲ್ಕು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಎರಡನೆಯ ರಾತ್ರಿ ಮಲಗಿದವಳು ಬೆಳಗ್ಗೆ ಎಂಟು ಗಂಟೆಯವರೆಗೂ ಏಳಲಿಲ್ಲ.