ಪ್ರಮಾದ, ಪ್ರಾಯಶ್ಚಿತ್ತ ಮತ್ತು ಮೇಲ್ಮನವಿಯ ಹಕ್ಕು

ಹಿಂಸೆ ಎಂದರೇನು ಎಂಬುದಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಲಕ್ಷಣದಲ್ಲಿ ‘ಪ್ರಮತ್ತ’ ಎಂಬ ಪದವೇ ಮುಖ್ಯವಾದುದು. ಎಚ್ಚರ ತಪ್ಪಿದವನ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಆಗುವ ಪ್ರಾಣಹಾನಿ ಹಿಂಸೆ ಎನಿಸುತ್ತದೆ. ಪ್ರಮತ್ತನೆಂದರೆ ಎಚ್ಚರಗೇಡಿ, ಮದವೇರಿದವನೂ ಹೌದು. ಕುಡಿದು ವಾಹನ ನಡೆಸುವವನಲ್ಲಿ ಈ ಎರಡು ಅರ್ಥಗಳೂ ಕೂಡಿಬರುತ್ತವೆ. ಅವನಿಗೆ ಯಾರಲ್ಲಿಯೂ ದ್ವೇಷವಿರುವುದಿಲ್ಲ. ಆದರೂ ದಾರಿಹೋಕರ ಪ್ರಾಣಕ್ಕೆ ಅವನಿಂದ ಅಪಾಯ ತಪ್ಪಿದ್ದಲ್ಲ. ಆದುದರಿಂದ ಅವನನ್ನು ಚಾಲನೆಯಿಂದ ದೂರವಿಡುವುದು ಅಹಿಂಸೆಗೆ ಸಮ್ಮತವಾದ ಕಾರ್ಯವೇ ಸರಿ.

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವವನು ವಾಹನ ನಡೆಸಿದರೆ ಅದು ಅಪರಾಧ. 2019ರ ತಿದ್ದುಪಡಿಯು 19ನೆಯ ಕಲಮಿಗೆ ಹೊಸ ಅಂಶಗಳನ್ನು ಸೇರಿಸಿತು: ಮೊದಲ ಸಲ ಮೂರು ತಿಂಗಳ ಅನರ್ಹತೆ, ಮರುಕಳಿಸಿದರೆ ಪರವಾನಗಿಯ ರದ್ದತಿ, ಅನರ್ಹತೆಯ ಅವಧಿ ಮುಗಿದ ಬಳಿಕವೂ ಮರುತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದವನಿಗೆ ಮಾತ್ರ ಪರವಾನಗಿ ಹಿಂದಿರುಗಬೇಕು. ದಂಡದ ಜೊತೆಗೆ ತಿದ್ದುವ ಉದ್ದೇಶವೂ ಇಲ್ಲಿದೆ.

ತಿದ್ದುವಿಕೆಯ ಕ್ರಮವನ್ನು ನಮ್ಮ ಶಾಸ್ತ್ರಗಳೂ ಬಲ್ಲವು. ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಕೊನೆಯ ಎರಡು, ಸಂಘದಿಂದ ಕೆಲಕಾಲ ದೂರವಿಡುವ ‘ಪರಿಹಾರ’ ಮತ್ತು ಮರಳಿ ವ್ರತದಲ್ಲಿ ನೆಲೆಗೊಳಿಸುವ ‘ಉಪಸ್ಥಾಪನೆ’. ಆದರೆ ಮೊದಲನೆಯದು ‘ಆಲೋಚನಾ’. ಎಂದರೆ ತಪ್ಪನ್ನು ಗುರುವಿನ ಮುಂದೆ ತಾನೇ ನಿವೇದಿಸಿಕೊಳ್ಳುವುದು. ಅಲ್ಲಿ ಶುದ್ಧಿಯು ತಪ್ಪಿದವನ ಮಾತಿನಿಂದ ಆರಂಭವಾಗುತ್ತದೆ. ಸರ್ಕಾರದ ತಿದ್ದುವಿಕೆ ಅಧಿಕಾರಿಯ ಆದೇಶದಿಂದ ಆರಂಭವಾಗುತ್ತದೆ. ವ್ರತಿಯು ತಾನಾಗಿ ಒಪ್ಪಿಬಂದವನು, ಚಾಲಕನು ಒಳಪಡಿಸಲ್ಪಟ್ಟವನು. ಈ ಅಂತರವನ್ನು ತುಂಬುವುದು ಅವನ ಅಹವಾಲನ್ನು ಕೇಳುವ ಕರ್ತವ್ಯ ಮತ್ತು ಅವನ ಮೇಲ್ಮನವಿಯ ಹಕ್ಕು. ಕಾಯ್ದೆಯು ಎರಡನ್ನೂ ಮನ್ನಿಸಿದೆ: ಅವನ ಮಾತನ್ನು ಕೇಳಿ, ಕಾರಣಗಳನ್ನು ಬರೆದು ಆದೇಶ ಮಾಡಬೇಕು, ಆದೇಶ ತಲಪಿದ 30 ದಿನಗಳೊಳಗೆ ಅವನು ಮೇಲಿನ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು.

ಆದರೆ ಆ ಕಲಮು ಹೇಳುವ ಮನವಿ ಅನರ್ಹತೆ ಅಥವಾ ರದ್ದತಿಯ ಆದೇಶದ ವಿರುದ್ಧ. ಮರುತರಬೇತಿಯಲ್ಲಿ ‘ಯಶಸ್ವಿಯಾಗಲಿಲ್ಲ’ ಎಂಬ ನಿರ್ಣಯವನ್ನು ಅದು ಪ್ರತ್ಯೇಕವಾಗಿ ಹೆಸರಿಸಿಲ್ಲ. ಮೂರು ತಿಂಗಳಿಗೆ ಮುಗಿಯಬೇಕಾದ ಶಿಕ್ಷೆ ಆ ಒಂದು ಮಾತಿನಿಂದ ಬೆಳೆಯುತ್ತಾ ಹೋಗಬಹುದು. ಹುಣಸೂರಿನ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸೀಮೆಯಲ್ಲಿ ಹೊಗೆಸೊಪ್ಪಿನ ಬೇಲುಗಳನ್ನೋ ಭತ್ತದ ಮೂಟೆಗಳನ್ನೋ ಸಾಗಿಸಿ ಬದುಕುವ ಚಾಲಕನಿಗೆ ಪರವಾನಗಿಯೇ ಹೊಲ, ಪರವಾನಗಿಯೇ ನೇಗಿಲು. ಕೋಟೆಯ ಕಾಡಂಚಿನ ಊರಿನವನಿಗೆ ಕಚೇರಿಗೆ ಒಮ್ಮೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದೇಶದ ಕೊನೆಯಲ್ಲಿ 30 ದಿನಗಳ ಅವಧಿಯನ್ನೂ ಮನವಿ ಸಲ್ಲಿಸಬೇಕಾದ ಸ್ಥಳವನ್ನೂ ತಿಳಿಗನ್ನಡದಲ್ಲಿ ಬರೆದಿರದಿದ್ದರೆ ಅವನ ಪಾಲಿಗೆ ಆ ಹಕ್ಕು ಇದ್ದೂ ಇಲ್ಲದಂತೆಯೇ.

ಮೇಲ್ಮನವಿಯು ತಪ್ಪಿತಸ್ಥನಿಗೆ ತಪ್ಪಿಸಿಕೊಳ್ಳುವ ದಾರಿಯಾಗದೆ ಎಂಬ ಆಕ್ಷೇಪವುಂಟು. ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ವಿಚಾರಣೆ ಮುಗಿಯುವವರೆಗೆ ಚಾಲಕನು ವಾಹನ ಮುಟ್ಟಬಾರದೆಂದರೆ ಅದು ಅನ್ಯಾಯವಲ್ಲ. ಆದರೆ ಯಂತ್ರ ಕೆಟ್ಟಿರಬಹುದು, ದಾಖಲೆಯಲ್ಲಿ ಹೆಸರು ಅದಲುಬದಲಾಗಿರಬಹುದು. ಅದನ್ನು ಪರಿಶೀಲಿಸದೆ ಅನ್ನ ಕಸಿಯುವುದೂ, ವಿಚಾರಣೆಯನ್ನು ವಿನಾಕಾರಣ ಮುಂದೂಡುವುದೂ ಪ್ರಮಾದವೇ. ಮದ್ಯದಂತೆ ಅಧಿಕಾರವೂ ಮದವನ್ನು ತರಬಲ್ಲದು.

ಚಾಲಕನಿಗೂ ಒಂದು ಧರ್ಮವಿದೆ. ಕುಡಿದುದು ನಿಜವಾಗಿದ್ದರೆ, ಹಕ್ಕಿದ್ದರೂ ಸುಳ್ಳು ಮನವಿಗೆ ಕೈಹಾಕದೆ ತಪ್ಪನ್ನು ಒಪ್ಪಿಕೊಳ್ಳುವುದೇ ಅವನ ಆಲೋಚನಾ. ಇಲ್ಲವೆನ್ನುವ ಅವಕಾಶವಿದ್ದೂ ಹೌದೆಂದವನ ಒಪ್ಪಿಗೆಗೆ ಬೆಲೆಯುಂಟು. ಆ ಅವಕಾಶವೇ ಇಲ್ಲದವನು ತಲೆಬಾಗಿದರೆ ಅದು ಪ್ರಾಯಶ್ಚಿತ್ತವಾಗದು.