ಬೇಡವೆಂದವನನ್ನು ಏನು ಮಾಡಬೇಕು?

1944ರ ಸೆಪ್ಟೆಂಬರ್ ತಿಂಗಳ ನಡುವೆ ಇಂಗ್ಲೆಂಡಿನ ಒಂದು ಸೇನಾ ಕಚೇರಿಯಲ್ಲಿ ಬ್ರಿಯಾನ್ ಅರ್ಕರ್ಟ್ ಎಂಬ ಇಪ್ಪತ್ತೈದರ ಹರೆಯದ ಮೇಜರ್, ತನ್ನ ಮೇಲಧಿಕಾರಿ ಜನರಲ್ ಬ್ರೌನಿಂಗ್ ಅವರ ಮುಂದೆ ಕೆಲವು ಫೋಟೋಗಳನ್ನಿಟ್ಟರು. ವಿಮಾನದಿಂದ ತೀರಾ ಕೆಳಮಟ್ಟದಲ್ಲಿ ತೆಗೆದ ಚಿತ್ರಗಳು. ಹಾಲೆಂಡಿನ ಆರ್ನ್‌ಹೆಮ್ ಪಟ್ಟಣದ ಆಸುಪಾಸಿನಲ್ಲಿ ಜರ್ಮನ್ ಟ್ಯಾಂಕುಗಳು ನಿಂತಿರುವುದು ಅವುಗಳಲ್ಲಿ ಕಾಣುತ್ತಿತ್ತು. ಅದೇ ಪಟ್ಟಣದ ಬಳಿ ಇನ್ನು ಕೆಲವೇ ದಿನಗಳಲ್ಲಿ ಬ್ರಿಟಿಷರ ಸಾವಿರಾರು ಪ್ಯಾರಾಚೂಟ್ ಸೈನಿಕರು ಇಳಿಯಲಿದ್ದರು. ಆಕಾಶದಿಂದ ಇಳಿಯುವವನು ಹೊತ್ತು ತರಬಹುದಾದ ಆಯುಧ ಎಷ್ಟು? ಟ್ಯಾಂಕಿನೆದುರು ಅವನು ಹೆಚ್ಚು ಹೊತ್ತು ನಿಲ್ಲಲಾರ.

ಆ ಟ್ಯಾಂಕುಗಳು ಬಹುಶಃ ಕೆಟ್ಟು ನಿಂತಿರಬೇಕು ಎಂಬಂತೆ ಬ್ರೌನಿಂಗ್ ಉತ್ತರಿಸಿದರು. ಸ್ವಲ್ಪದರಲ್ಲೇ ಸೇನೆಯ ವೈದ್ಯರು ಅರ್ಕರ್ಟ್ ಬಳಿ ಬಂದರು. ನೀವು ತುಂಬಾ ದಣಿದಿದ್ದೀರಿ, ವಿಶ್ರಾಂತಿ ಬೇಕು ಎಂದರು. ಅನಾರೋಗ್ಯದ ರಜೆಯ ಮೇಲೆ ಅವರನ್ನು ಮನೆಗೆ ಕಳುಹಿಸಲಾಯಿತು. ಭಿನ್ನಾಭಿಪ್ರಾಯಕ್ಕೆ ಇಷ್ಟು ಸುಲಭದ ಮದ್ದು ಇನ್ನೊಂದಿಲ್ಲ. ಹೇಳಿದ ಮಾತನ್ನು ಸುಳ್ಳೆಂದು ಸಾಬೀತು ಮಾಡಬೇಕಾಗಿಲ್ಲ, ಹೇಳಿದವನ ನಾಡಿ ಹಿಡಿದರೆ ಸಾಕು.

ಯೋಜನೆಯ ಹೆಸರು ಮಾರ್ಕೆಟ್ ಗಾರ್ಡನ್. ಅದು ಫೀಲ್ಡ್ ಮಾರ್ಷಲ್ ಮಾಂಟ್ಗೊಮರಿಯವರದು. ಬೆಲ್ಜಿಯಂ ಗಡಿಯಿಂದ ಆರ್ನ್‌ಹೆಮ್‌ವರೆಗೆ ಸುಮಾರು 100 ಕಿಲೋಮೀಟರ್ ಉದ್ದದ ಒಂದೇ ರಸ್ತೆ. ದಾರಿಯುದ್ದಕ್ಕೂ ನದಿ, ಕಾಲುವೆ, ಸೇತುವೆಗಳು. ಅಮೆರಿಕದ ಎರಡು ಮತ್ತು ಬ್ರಿಟನ್ನಿನ ಒಂದು ಪ್ಯಾರಾಚೂಟ್ ಡಿವಿಜನ್ ಇಳಿದು ಸೇತುವೆಗಳನ್ನು ಹಿಡಿಯಬೇಕು, ದಕ್ಷಿಣದಿಂದ ಟ್ಯಾಂಕ್ ಪಡೆ ಬಂದು ಅವರನ್ನು ಸೇರಬೇಕು. ಕೊನೆಯ ಸೇತುವೆ ಆರ್ನ್‌ಹೆಮ್‌ನದು. ಅದು ದಕ್ಕಿದರೆ ಜರ್ಮನಿಯ ಒಳಗೆ ದಾರಿ ತೆರೆಯುತ್ತದೆ, ಆ ವರ್ಷವೇ ಯುದ್ಧ ಮುಗಿದರೂ ಮುಗಿಯಬಹುದು. ಎಷ್ಟೋ ಜೀವಗಳು ಉಳಿಯುತ್ತಿದ್ದವು. ಹಾಗಾಗಿ ಇದನ್ನು ಬರೀ ಹುಚ್ಚು ಸಾಹಸವೆಂದು ತಳ್ಳಿಹಾಕುವಂತಿಲ್ಲ.

ಆದರೆ ಯೋಜನೆಯ ವಿವರಗಳನ್ನು ನೋಡಿ. ಎಲ್ಲರನ್ನೂ ಒಂದೇ ದಿನ ಸಾಗಿಸುವಷ್ಟು ವಿಮಾನಗಳಿರಲಿಲ್ಲ. ದಿನಕ್ಕೆ ಒಂದೇ ಸುತ್ತು ಹಾರಾಟ ಸಾಧ್ಯ ಎಂದು ವಿಮಾನದವರು ತೀರ್ಮಾನಿಸಿದರು. ಆದ್ದರಿಂದ ಡಿವಿಜನ್ ಒಂದಕ್ಕಿಂತ ಹೆಚ್ಚು ದಿನಗಳಲ್ಲಿ ತುಂಡುತುಂಡಾಗಿ ಇಳಿಯಬೇಕಾಯಿತು. ಸೇತುವೆಯ ಬಳಿ ಶತ್ರುವಿನ ವಿಮಾನ ವಿರೋಧಿ ತೋಪುಗಳಿವೆ ಎಂದು ಇಳಿಯುವ ಜಾಗವನ್ನು ಸುಮಾರು 10 ಕಿಲೋಮೀಟರ್ ಆಚೆ ಗೊತ್ತುಪಡಿಸಲಾಯಿತು. ಮೊದಲು ಇಳಿದವರಲ್ಲಿ ಒಂದಷ್ಟು ಜನ ನಂತರ ಬರುವವರಿಗಾಗಿ ಅದೇ ಬಯಲನ್ನು ಕಾಯುತ್ತಾ ಕೂರಬೇಕು, ಉಳಿದವರು ಸೇತುವೆಯತ್ತ ನಡೆಯಬೇಕು. ಒಂದೊಂದು ತೀರ್ಮಾನಕ್ಕೂ ಅದರದರ ಮೇಜಿನಲ್ಲಿ ನ್ಯಾಯವಾದ ಕಾರಣವಿತ್ತು. ವಿಮಾನ ಉಳಿಸಿಕೊಳ್ಳುವುದು ಒಬ್ಬರ ಹೊಣೆ, ರಸ್ತೆ ಇನ್ನೊಬ್ಬರದು. ಎಲ್ಲವನ್ನೂ ಕೂಡಿಸಿದಾಗ ಹಠಾತ್ ದಾಳಿ ಎಂಬ ಮೂಲ ಉದ್ದೇಶವೇ ಉಳಿಯುತ್ತದೆಯೇ ಎಂದು ಕೇಳುವುದು ಮಾತ್ರ ಯಾರ ಹೊಣೆಯೂ ಆಗಿರಲಿಲ್ಲ.

ಸೆಪ್ಟೆಂಬರ್ 10ರಂದು ಒಪ್ಪಿಗೆ, 17ರಂದು ದಾಳಿ. ಒಂದೇ ವಾರ. ಅದಕ್ಕೆ ಮುಂಚೆ ಇಂಥ ಹಲವು ಯೋಜನೆಗಳು ಒಂದರ ಹಿಂದೊಂದು ರದ್ದಾಗಿದ್ದವು. ಸೈನಿಕರು ಗಂಟುಮೂಟೆ ಕಟ್ಟುವುದು, ಬಿಚ್ಚುವುದು. ಇನ್ನೊಮ್ಮೆ ರದ್ದು ಎಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ದಿಬ್ಬಣ ಹೊರಟು ನಿಂತಾಗ ವರನ ಬಗ್ಗೆ ಅನುಮಾನ ಹೇಳುವವನ ಸ್ಥಿತಿ ನಮಗೆ ಗೊತ್ತೇ ಇದೆ.

ಮುಂದಿನದನ್ನು ಕಾರ್ನೀಲಿಯಸ್ ರಯಾನ್ 1974ರ ತಮ್ಮ ಪುಸ್ತಕದಲ್ಲಿ ದೀರ್ಘವಾಗಿ ಬರೆದಿದ್ದಾರೆ, ಅದು ಸಿನಿಮಾ ಕೂಡ ಆಯಿತು. ಜಾನ್ ಫ್ರಾಸ್ಟ್ ಅವರ ನೇತೃತ್ವದಲ್ಲಿ ಸುಮಾರು 700 ಮಂದಿ ಮಾತ್ರ ಸೇತುವೆಯ ಉತ್ತರದ ತುದಿ ತಲುಪಿದರು. ವೈರ್‌ಲೆಸ್‌ಗಳು ಕೈಕೊಟ್ಟವು. ಎರಡು ದಿನದಲ್ಲಿ ಬರಬೇಕಿದ್ದ ಟ್ಯಾಂಕ್ ಪಡೆ ಅವರ ಬಳಿಗೆ ಬರಲೇ ಇಲ್ಲ. ಸೆಪ್ಟೆಂಬರ್ 25ರ ರಾತ್ರಿ ಉಳಿದವರು ಮಳೆಯಲ್ಲಿ ನದಿ ದಾಟಿ ಹಿಂದಿರುಗಿದರು. ರೈನ್ ನದಿಯ ಉತ್ತರದಲ್ಲಿ ಹೋರಾಡಿದ್ದ ಸುಮಾರು 10,000 ಮಂದಿಯಲ್ಲಿ ಮರಳಿದವರು ಸುಮಾರು 2,400.

ಇಲ್ಲಿಂದ ಪಾಠ ತೆಗೆಯುವುದು ಬಹಳ ಸುಲಭ: ಎಚ್ಚರಿಕೆ ಕೊಟ್ಟವನ ಮಾತು ಕೇಳಬೇಕಿತ್ತು. ಆದರೆ ಈ ಪಾಠ ಸಾಲದು ಎಂಬುದಕ್ಕೆ ಅದೇ ವರ್ಷದ, ಕೇವಲ ಮೂರು ತಿಂಗಳ ಹಿಂದಿನ ಸಾಕ್ಷ್ಯವಿದೆ.

ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿ ನಡೆಯುವುದಕ್ಕೆ ಕೆಲವೇ ದಿನಗಳಿದ್ದಾಗ ವಾಯುಪಡೆಯ ಮುಖ್ಯಸ್ಥ ಲೀ ಮ್ಯಾಲರಿ ಸರ್ವೋಚ್ಚ ಸೇನಾಪತಿ ಐಸೆನ್‌ಹೋವರ್ ಬಳಿ ಬಂದು, ಅಮೆರಿಕದ ಪ್ಯಾರಾಚೂಟ್ ಡಿವಿಜನ್‌ಗಳನ್ನು ಇಳಿಸಬೇಡಿ ಎಂದರು. ಇಳಿದರೆ ಅರ್ಧದಷ್ಟಾದರೂ ನಷ್ಟವಾಗುತ್ತದೆ, ಇದು ವ್ಯರ್ಥ ಬಲಿ ಎಂಬುದು ಅವರ ವಾದ. ಐಸೆನ್‌ಹೋವರ್ ಆ ಆಕ್ಷೇಪವನ್ನು ಬರವಣಿಗೆಯಲ್ಲಿ ಪಡೆದರು. ತಮ್ಮ ಟೆಂಟಿಗೆ ಹೋಗಿ ಒಬ್ಬರೇ ಕುಳಿತು ಯೋಜನೆಯ ಒಂದೊಂದು ಹೆಜ್ಜೆಯನ್ನೂ ಮತ್ತೆ ಪರಿಶೀಲಿಸಿದರು. ಪ್ಯಾರಾಚೂಟ್ ದಾಳಿ ಬಿಟ್ಟರೆ ಒಂದು ಇಡೀ ಕಡಲತೀರದ ದಾಳಿಯನ್ನು ಬಿಡಬೇಕು, ಅದನ್ನು ಬಿಟ್ಟರೆ ಒಟ್ಟು ಯೋಜನೆಯೇ ಕುಸಿಯುತ್ತದೆ ಎಂದು ಕಂಡಿತು. ದಾಳಿ ನಡೆಯಲಿ ಎಂದರು. ಜೂನ್ 5ರ ಸಂಜೆ ಆ ಸೈನಿಕರ ನಡುವೆ ಹೋಗಿ ಮಾತಾಡಿದರು. ನಷ್ಟ ಲೀ ಮ್ಯಾಲರಿ ಹೇಳಿದ್ದಕ್ಕಿಂತ ಬಹಳ ಕಡಿಮೆಯಾಯಿತು, ಲೀ ಮ್ಯಾಲರಿ ತಾವೇ ಪತ್ರ ಬರೆದು ಅದನ್ನು ಒಪ್ಪಿಕೊಂಡರು.

ಅಂದರೆ, ಇಲ್ಲಿ ಬೇಡವೆಂದವನು ತಪ್ಪಿದ್ದ. ಹಾಗಾದರೆ ಅರ್ಕರ್ಟ್ ಕೂಡ ಇನ್ನೊಬ್ಬ ಲೀ ಮ್ಯಾಲರಿ ಇರಬಹುದು ಎಂದು ಬ್ರೌನಿಂಗ್ ಭಾವಿಸಿದ್ದರೆ ಅದರಲ್ಲಿ ತಪ್ಪೇನು? ಆ ಫೋಟೋಗಳ ಬಗ್ಗೆಯೂ ಈಚೆಗೆ ಹೊಸ ವಾದವೊಂದಿದೆ. ಅದರಲ್ಲಿದ್ದುವು ಹಳೆಯ ಮಾದರಿಯ ಟ್ಯಾಂಕುಗಳು, ತರಬೇತಿ ತುಕಡಿಯೊಂದಕ್ಕೆ ಸೇರಿದವು, ಆರ್ನ್‌ಹೆಮ್ ಬಳಿ ಬೀಡುಬಿಟ್ಟಿದ್ದ ಎರಡು ಎಸ್.ಎಸ್. ಪಾಂಝರ್ ಡಿವಿಜನ್‌ಗಳದ್ದಲ್ಲ ಎನ್ನುತ್ತಾರೆ ಕೆಲವು ಇತಿಹಾಸಕಾರರು. ಇದ್ದರೂ ಇರಬಹುದು. ಆದರೆ ಆ ಎರಡು ಡಿವಿಜನ್‌ಗಳು ಅಲ್ಲಿವೆ ಎಂಬ ಸುದ್ದಿ ಬೇರೆ ಗುಪ್ತ ಮೂಲಗಳಿಂದಲೂ ಬಂದಿತ್ತು.

ನನ್ನ ದೃಷ್ಟಿಯಲ್ಲಿ, ಯಾರ ಊಹೆ ನಿಜವಾಯಿತು ಎಂಬುದು ನೈತಿಕ ಪ್ರಶ್ನೆಯೇ ಅಲ್ಲ. ಫಲಿತಾಂಶ ತಿಳಿದ ಮೇಲೆ ತೀರ್ಪು ಕೊಡುವುದು ದೊಡ್ಡ ವಿದ್ಯೆಯೇನಲ್ಲ. ಜೂನ್ ತಿಂಗಳಲ್ಲಿ ಆಕ್ಷೇಪವು ಯೋಜನೆಯನ್ನು ಮುಟ್ಟಿತು. ಯೋಜನೆ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗಿ, ಉಳಿಯಿತು. ಸೆಪ್ಟೆಂಬರ್‌ನಲ್ಲಿ ಅರ್ಕರ್ಟ್ ಎತ್ತಿದ ಆಕ್ಷೇಪ ಯೋಜನೆಯನ್ನು ಮುಟ್ಟಲೇ ಇಲ್ಲ. ವಿಮಾನ ಹತ್ತುವ ಸೈನಿಕನಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ, ಅವನು ಆಜ್ಞೆಗೆ ಬದ್ಧ. ಅವನ ಪರವಾಗಿ ಯಾರಾದರೂ ಮೊದಲೇ ಕೇಳಿರಬೇಕು ಮತ್ತು ಆ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಆಜ್ಞೆ ಮಾಡುವವನು ಅವನಿಗೆ ಸಲ್ಲಿಸಬೇಕಾದ ಋಣ ಇಷ್ಟು.

ಈ ಸಂದರ್ಭದಲ್ಲಿ ಬದ್ರ್‌ನ ಒಂದು ಘಟನೆ ನೆನಪಾಗುತ್ತದೆ. ಕ್ರಿ.ಶ. 624ರಲ್ಲಿ ಪ್ರವಾದಿ ಮುಹಮ್ಮದ್(ಸ) ಬದ್ರ್‌ನಲ್ಲಿ ಪಡೆಯೊಂದಿಗೆ ಒಂದೆಡೆ ತಂಗಿದಾಗ ಅನುಚರ ಹುಬಾಬ್ ಬಿನ್ ಮುನ್ದಿರ್(ರ) ಬಂದು, ಈ ಜಾಗ ಅಲ್ಲಾಹನ ಆದೇಶದಿಂದ ಆರಿಸಿದ್ದೋ ಅಥವಾ ಯುದ್ಧತಂತ್ರದ ಒಂದು ಅಭಿಪ್ರಾಯವೋ ಎಂದು ಕೇಳಿದ್ದನ್ನು ಆರಂಭ ಕಾಲದ ಚರಿತ್ರೆಕಾರರು ದಾಖಲಿಸಿದ್ದಾರೆ. ಅಭಿಪ್ರಾಯ ಎಂದಾಗ, ಹಾಗಾದರೆ ಇದು ಸರಿಯಾದ ಜಾಗವಲ್ಲ, ಶತ್ರುವಿಗೆ ಹತ್ತಿರದ ಬಾವಿಯ ಬಳಿ ಹೋಗೋಣ ಎಂದು ಅವರು ಸೂಚಿಸಿದರು. ಬಿಡಾರ ಬದಲಾಯಿತು. ಆ ಸಲಹೆಗಿಂತಲೂ ಅದಕ್ಕೆ ಮುಂಚಿನ ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ. ಚರ್ಚೆಗೆ ಮೀರಿದ್ದು ಯಾವುದು, ಮನುಷ್ಯರ ಚರ್ಚೆಗೆ ಒಳಪಟ್ಟದ್ದು ಯಾವುದು ಎಂಬ ಗೆರೆಯನ್ನು ಅದು ಮೊದಲು ಎಳೆಯುತ್ತದೆ. 1944ರ ಸೆಪ್ಟೆಂಬರ್‌ನಲ್ಲಿ, ಏಳು ದಿನಗಳಲ್ಲಿ ಮನುಷ್ಯರೇ ಹೆಣೆದ ಒಂದು ಅಭಿಪ್ರಾಯ ಮೇಲಿನಿಂದ ಇಳಿದು ಬಂದ ವಚನದಂತಾಗಿತ್ತು.

ಐಸೆನ್‌ಹೋವರ್ ಬಗ್ಗೆ ಇನ್ನೊಂದು ಮಾತು. ನಾರ್ಮಂಡಿ ದಾಳಿ ವಿಫಲವಾದರೆ ಪ್ರಕಟಿಸಲೆಂದು ಅವರು ಮೊದಲೇ ಒಂದು ಚೀಟಿ ಬರೆದಿಟ್ಟಿದ್ದರು, ತಪ್ಪೇನಿದ್ದರೂ ತನ್ನೊಬ್ಬನದೇ ಎಂಬ ಅರ್ಥದ್ದು. ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ ಎಂದಿದ್ದುದನ್ನು ಹೊಡೆದು ಹಾಕಿ, ನಾನು ಕರೆಸಿದ್ದೇನೆ ಎಂದು ತಿದ್ದಿದ್ದಾರೆ. ಕಥೆ ಬರೆಯುವವನಾದ್ದರಿಂದ ನನ್ನ ಕಣ್ಣು ಇಂಥ ಕಡೆ ಹೋಗುತ್ತದೆ. ನಮ್ಮ ಸರಕಾರಿ ಕನ್ನಡವೂ ‘ಲಾಗಿದೆ’ಯ ಬೆನ್ನ ಹಿಂದೆ ಎಷ್ಟು ಜನರನ್ನು ಬಚ್ಚಿಟ್ಟಿದೆ!

ಆದರೆ ಅದೇ ಐಸೆನ್‌ಹೋವರ್ ಸೆಪ್ಟೆಂಬರ್‌ನಲ್ಲಿ ಎಲ್ಲಿದ್ದರು? ಪಾಂಝರ್ ಡಿವಿಜನ್‌ಗಳ ಸುದ್ದಿ ಅವರ ತನಕವೂ ಹೋಗಿತ್ತು. ತಮ್ಮ ಮುಖ್ಯ ಅಧಿಕಾರಿ ಬೆಡೆಲ್ ಸ್ಮಿತ್ ಅವರನ್ನು ಮಾಂಟ್ಗೊಮರಿ ಬಳಿ ಕಳುಹಿಸಿದರು. ಮಾಂಟ್ಗೊಮರಿ ನಕ್ಕು ತಳ್ಳಿಹಾಕಿದರು, ಸ್ಮಿತ್ ಬರಿಗೈಲಿ ಮರಳಿದರು. ಯುದ್ಧಭೂಮಿಯಲ್ಲಿರುವ ಸೇನಾಪತಿಗೇ ಅಂತಿಮ ನಿರ್ಧಾರ ಬಿಡಬೇಕೆಂಬ ನಿಯಮಕ್ಕೆ ಐಸೆನ್‌ಹೋವರ್ ಶರಣಾದರು. ನಿಯಮ ಒಳ್ಳೆಯದೇ. ಜೂನ್‌ನಲ್ಲಿ ಟೆಂಟಿನೊಳಗೆ ಒಬ್ಬರೇ ಕೂತವರು ಸೆಪ್ಟೆಂಬರ್‌ನಲ್ಲಿ ಕೂರಲಿಲ್ಲ, ಅಷ್ಟೆ.

ಬೇಡವೆಂದ ಇನ್ನೊಬ್ಬರು ಪೋಲಿಷ್ ಬ್ರಿಗೇಡಿನ ಜನರಲ್ ಸೊಸಬೋವ್ಸ್ಕಿ. ರಜೆಯ ಮೇಲೆ ಕಳುಹಿಸುವುದಕ್ಕೆ ಅವರು ಮೇಜರ್ ಅಲ್ಲ. ಜರ್ಮನರನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ ಎಂದು ಸಭೆಗಳಲ್ಲಿ ನೇರವಾಗಿ ಕೇಳಿದವರು. ಮಂಜು ಕವಿದು ತಡವಾದ ಅವರ ಬ್ರಿಗೇಡು 21ರಂದು ಡ್ರೀಲ್ ಎಂಬ ಹಳ್ಳಿಯ ಬಳಿ ಗುಂಡಿನ ಮಳೆಯಲ್ಲಿ ಇಳಿಯಿತು. ಸೋಲಿನ ನಂತರ ಮಾಂಟ್ಗೊಮರಿ ಮತ್ತು ಬ್ರೌನಿಂಗ್ ಬರೆದ ಪತ್ರಗಳಲ್ಲಿ ದೂರು ಪೋಲರ ಮೇಲೆ ಬಿತ್ತು, ಡಿಸೆಂಬರ್‌ನಲ್ಲಿ ಸೊಸಬೋವ್ಸ್ಕಿಯವರ ಅಧಿಕಾರ ಹೋಯಿತು. ಯುದ್ಧದ ನಂತರ ಅವರು ಲಂಡನ್ನಿನ ಕಾರ್ಖಾನೆಯಲ್ಲಿ ಕೂಲಿ ಮಾಡಿದರು, 1967ರಲ್ಲಿ ತೀರಿಕೊಂಡರು. ಹಾಲೆಂಡ್ ಸರಕಾರ ಅವರಿಗೆ ಶೌರ್ಯ ಪದಕ ಕೊಟ್ಟದ್ದು 2006ರಲ್ಲಿ. ಅರ್ಕರ್ಟ್ ಮುಂದೆ ವಿಶ್ವಸಂಸ್ಥೆ ಸೇರಿ, ಅದರ ಶಾಂತಿಪಾಲನಾ ಪಡೆಗಳನ್ನು ಕಟ್ಟಿದವರಲ್ಲಿ ಒಬ್ಬರಾದರು. 2021ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು.

ಇವರಿಗಾದರೂ ಹೇಳಲು ಒಂದು ಮೇಜಿತ್ತು. ಈ ದಾಳಿಗೆ ನೆರವಾಗಲೆಂದು ದೇಶಭ್ರಷ್ಟ ಡಚ್ ಸರಕಾರ ಸೆಪ್ಟೆಂಬರ್ 17ರಂದೇ ರೈಲ್ವೆ ಮುಷ್ಕರಕ್ಕೆ ಕರೆಕೊಟ್ಟಿತು, ರೈಲ್ವೆ ನೌಕರರು ಓಗೊಟ್ಟರು. ಸೇಡಿಗಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆ ತಡೆದರು. ಆರ್ನ್‌ಹೆಮ್‌ನ ಜನರನ್ನು ಮನೆಗಳಿಂದ ಹೊರಹಾಕಲಾಯಿತು. ಆ ಚಳಿಗಾಲದಲ್ಲಿ ಡಚ್ಚರು ಟ್ಯೂಲಿಪ್ ಗಡ್ಡೆಗಳನ್ನು ಬೇಯಿಸಿ ತಿಂದರು. ಹಸಿವಿನಿಂದ ಸತ್ತವರು ಸುಮಾರು 20,000 ಎಂದು ಅಂದಾಜು. ಸೇತುವೆ ಸಿಗದೆ ಹೋದರೆ ಇವರ ಗತಿಯೇನು ಎಂಬುದಕ್ಕೆ ಆ ಏಳು ದಿನಗಳ ಯೋಜನೆಯಲ್ಲಿ ಜಾಗವಿರಲಿಲ್ಲ.