ಎರವಲಿನ ಪರಿಮಳ

ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರಿಗೆ ಲಾವಂಚದ ಬೇರನ್ನು ಹಾಕಿಡುವುದುಂಟು. ಆ ನೀರನ್ನು ಕುಡಿದವನು ‘ನೀರು ಎಷ್ಟು ಘಮಘಮಿಸುತ್ತಿದೆ!’ ಎನ್ನುತ್ತಾನೆಯೇ ಹೊರತು ಬೇರನ್ನು ನೆನೆಯುವುದಿಲ್ಲ. ಪರಿಮಳ ಬೇರಿನದು, ಹೊಗಳಿಕೆ ನೀರಿನದು. ಇದು ನ್ಯಾಯವೆ? ಸಹವಾಸದಿಂದ ಬಂದ ಗುಣವನ್ನು ಒಂದು ವಸ್ತುವಾಗಲಿ ಒಬ್ಬ ಮನುಷ್ಯನಾಗಲಿ ತನ್ನದೆಂದು ಹೇಳಿಕೊಳ್ಳಬಹುದೆ?

ದೂರದ ಐರ್ಲೆಂಡಿನ ವಿಸ್ಕಿಯ ವಿಷಯದಲ್ಲಿ ಈ ಪ್ರಶ್ನೆ ಬಹು ಸ್ಪಷ್ಟವಾಗಿ ಏಳುತ್ತದೆ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆಂದು ಯಾರಾದರೂ ಹುಬ್ಬು ಗಂಟಿಕ್ಕಿಯಾರು. 1992ರ ಸುಮಾರಿಗೆ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತ ರಾಜ್ಯದಲ್ಲಿ ಕುಡಿತವನ್ನು ಹೊಗಳುವ ಉದ್ದೇಶ ನನ್ನದಲ್ಲ. ಅದರ ತಯಾರಿಕೆಯಲ್ಲಿ ಅಡಗಿರುವ ವಿಚಾರವಷ್ಟೇ ಇಲ್ಲಿ ಪ್ರಕೃತ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಸಿಹಿನೀರನ್ನು ತೆಗೆದು, ಹುದುಗು ಬರಿಸಿ, ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿದರೆ ದೊರೆಯುವ ಸಾರಕ್ಕೆ ನೀರಿನಂತೆ ಬಣ್ಣವೇ ಇರುವುದಿಲ್ಲ. ಐರ್ಲೆಂಡಿನ ಕಾನೂನಿನಂತೆ ಅದು ಕಡಮೆಯೆಂದರೆ 3 ವರ್ಷ ಆ ದ್ವೀಪದಲ್ಲಿಯೇ ಮರದ ಪೀಪಾಯಿಯಲ್ಲಿ ಕಳೆಯಬೇಕು. ಅಲ್ಲಿಯವರೆಗೆ ವಿಸ್ಕಿಯೆಂಬ ಹೆಸರೇ ಅದಕ್ಕೆ ಸಲ್ಲದು. ಮೂರು ನಾಲ್ಕು ವರ್ಷದ ವಿಸ್ಕಿ ಇನ್ನೂ ಎಳೆಯದು. ಅದರಲ್ಲಿ ಕಟುತ್ವ ಹೆಚ್ಚು. ಆದುದರಿಂದ ಕೆಲವರು ಕೊನೆಯ ಕೆಲವು ತಿಂಗಳು ಅದನ್ನು ದ್ರಾಕ್ಷಾರಸ ತುಂಬಿದ್ದ ಪೀಪಾಯಿಗೆ ವರ್ಗಾಯಿಸುತ್ತಾರೆ. ಮರವು ಹೀರಿಕೊಂಡಿದ್ದ ರಸ ಮೆಲ್ಲನೆ ಹೊರಬಂದು, ಎಳೆಯ ಸಾರಕ್ಕೆ ಕೆಂಪು ಛಾಯೆಯನ್ನೂ ಒಣದ್ರಾಕ್ಷಿಯ ಸವಿಯನ್ನೂ ಕೊಡುತ್ತದೆ.

ರುಚಿ ನೋಡುವ ಪರಿಣತರು ಮೊದಲು ಅದನ್ನು ಮೂಸುತ್ತಾರೆ. ಕೆಲವು ಹನಿ ನೀರು ಬೆರೆಸಿ ಮತ್ತೆ ಮೂಸುತ್ತಾರೆ. ಸ್ವಲ್ಪವೇ ಬಾಯಲ್ಲಿಟ್ಟುಕೊಂಡು, ಆಮೇಲೆ ನಾಲಗೆಯ ಮೇಲೆ ಉಳಿಯುವ ರುಚಿಗಾಗಿ ಕಾಯುತ್ತಾರೆ. ಮೊದಲು ಎದುರಾಗುವುದು ದ್ರಾಕ್ಷಿ. ನೀರು ಬಿದ್ದ ಬಳಿಕ ಅದರ ಅಡಿಯಿಂದ ಧಾನ್ಯದ ವಾಸನೆ, ಹಸಿರು ಸೇಬಿನಂಥ ಎಳೆತನ, ನಾಲಗೆಯನ್ನು ಚುರುಗುಟ್ಟಿಸುವ ಖಾರ ತಲೆಯೆತ್ತಬಹುದು.

ಇಲ್ಲಿಯೇ ಪಕ್ಷ ಎರಡಾಗುತ್ತದೆ. ಇದು ವಯಸ್ಸಿನ ಕೊರತೆಯನ್ನು ಮುಚ್ಚುವ ವೇಷವೆಂಬುದು ಒಂದು ಪಕ್ಷ. ಕಾಯುವ ತಾಳ್ಮೆಯಿಲ್ಲದವನು ಪಕ್ಕದ ಮನೆಯ ಒಡವೆ ತೊಟ್ಟು ಮದುವೆಗೆ ಹೋದಂತೆ. ಆದರೆ ಈ ಆಕ್ಷೇಪ ತನ್ನ ಗುರಿಯನ್ನೂ ಮೀರಿ ಹೋಗುತ್ತದೆ. ವಿಸ್ಕಿಯ ಹೊಂಬಣ್ಣವೂ ರುಚಿಯ ಬಹುಪಾಲೂ ಮರದಿಂದಲೇ ಬಂದವು. ಐರ್ಲೆಂಡಿನಲ್ಲಿ ಹೆಚ್ಚಾಗಿ ಬಳಸುವ ಮೊದಲ ಪೀಪಾಯಿಯೂ ಅಮೆರಿಕದ ಬೂರ್ಬನ್ ಮದ್ಯ ತುಂಬಿದ್ದುದೇ. ಎರವಲನ್ನೆಲ್ಲ ದೋಷವೆಂದರೆ ಉಳಿಯುವುದು ಬಣ್ಣವಿಲ್ಲದ ಉರಿನೀರು ಮಾತ್ರ. ಎರವಲು ತಪ್ಪಲ್ಲವೆಂದಾಯಿತು, ಹಾಗಾದರೆ ವೇಷಕ್ಕೂ ಸಂಸ್ಕಾರಕ್ಕೂ ಭೇದವೇ ಇಲ್ಲವೆ?

ಇದೆ. ಅದನ್ನು ಕಾಣಲು ಎರಡು ಪರೀಕ್ಷೆಗಳು ಸಾಕು. ನೀರಿನ ಹನಿ ಬಿದ್ದಾಗ ದ್ರಾಕ್ಷಿಯ ಕೆಳಗೆ ಧಾನ್ಯ ಇನ್ನೂ ಮಾತನಾಡುತ್ತದೆಯೆ ಎಂಬುದು ಮೊದಲನೆಯದು. ಮಾತನಾಡಿದರೆ ಅದು ಸಂಸ್ಕಾರ, ಮೂಕವಾಗಿದ್ದರೆ ವೇಷ. ವಯಸ್ಸನ್ನೂ ಪೀಪಾಯಿಯ ಹೆಸರನ್ನೂ ಬಚ್ಚಿಡದೆ ಹೇಳಿದೆಯೆ ಎಂಬುದು ಎರಡನೆಯದು. ಪಡೆದುದರಲ್ಲಿ ಪಾಪವಿಲ್ಲ, ಪಡೆದುದನ್ನು ಮರೆಮಾಚುವುದರಲ್ಲಿದೆ.

ಇದಕ್ಕೆ ಕನ್ನಡನಾಡಿನ ಉದಾಹರಣೆಯೂ ಇದೆ. 1948ರಲ್ಲಿ ಆರಂಭವಾದ ಬೆಂಗಳೂರಿನ ಅಮೃತ್ ಸಂಸ್ಥೆ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಮಾರಾಟಕ್ಕಿಟ್ಟಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ 2ರಷ್ಟು ಸಾರ ಆವಿಯಾಗಿ ಹೋದರೆ ಬೆಂಗಳೂರಿನ ಸೆಕೆಯಲ್ಲಿ ಶೇಕಡ 10ಕ್ಕೂ ಹೆಚ್ಚು ಹೋಗುತ್ತದೆ; ಆ ನಷ್ಟದ ಜೊತೆಗೆ ಮಾಗುವಿಕೆಯೂ ಬೇಗ ನಡೆಯುತ್ತದೆ. ಎಂದಮೇಲೆ ವಯಸ್ಸನ್ನು ಪಂಚಾಂಗವೊಂದೇ ಅಳೆಯಲಾರದು. 2010ರಲ್ಲಿ ಈ ಸಂಸ್ಥೆ ಹೊರತಂದ ಒಂದು ಬಗೆಯಲ್ಲಿ, ಬೂರ್ಬನ್ ಪೀಪಾಯಿಯಿಂದ ತೆಗೆದ ಸಾರವನ್ನು ಶೆರಿ ಎಂಬ ದ್ರಾಕ್ಷಾರಸದ ಪೀಪಾಯಿಯಲ್ಲಿರಿಸಿ, ಮತ್ತೆ ಬೂರ್ಬನ್ ಪೀಪಾಯಿಗೇ ಮರಳಿಸಿದರು. ಹೆಸರಿನಲ್ಲಿಯೇ ‘ಇಂಟರ್‌ಮೀಡಿಯೇಟ್ ಶೆರಿ’ ಎಂದು ಆ ನಡುವಣ ವಾಸವನ್ನು ಸಾರಿದರು.

ಸೆಟ್ಟೂರಿನಂಥ ಗಡಿಯೂರಿನವರಿಗೆ ಈ ವಿಚಾರ ಬರಿಯ ಪೀಪಾಯಿಯದಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮಗುವಿನ ಮಾತಿಗೆ ಎರಡರ ವಾಸನೆಯೂ ಹತ್ತುತ್ತದೆ. ಅಂಥ ಕನ್ನಡವನ್ನು ಕೇಳಿ ನಗುವವರಿದ್ದಾರೆ, ನಕ್ಕುದಕ್ಕೆ ನಾಚಿ ಬಾಯಿಮುಚ್ಚುವ ಮಕ್ಕಳಿದ್ದಾರೆ. ಅವರು ಒಬ್ಬ ಹಿರಿಯರನ್ನು ನೆನೆಯಬೇಕು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು 1893ರಲ್ಲಿ ಇದೇ ಕಲ್ಯಾಣದುರ್ಗದ ಕಡೆಯ, ಕಂಬದೂರಿನ ಬಳಿಯ ರಾಳ್ಳಪಲ್ಲಿಯಲ್ಲಿ ಹುಟ್ಟಿದರು. ಮೈಸೂರಿಗೆ ಹೋಗಿ, ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗನ್ನು ಬೋಧಿಸಿದರು, ಕನ್ನಡದಲ್ಲಿಯೂ ಬರೆದರು, ಸಂಗೀತದಲ್ಲಿ ಪಾರಂಗತರಾದರು. ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಯಲ್ಲಿ ತೊಡಗಿದರು. 1974ರಲ್ಲಿ ಸಂಗೀತ ಕಲಾನಿಧಿ ಗೌರವ ಅವರದಾಯಿತು. ಮೈಸೂರಿನ ಪರಿಮಳ ಅವರ ತೆಲುಗನ್ನು ಮುಚ್ಚಲಿಲ್ಲ, ಅದನ್ನು ಮಾಗಿಸಿತು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಸಾರಕ್ಕೆ ತನ್ನ ಪೀಪಾಯಿಯನ್ನು ಆರಿಸುವ ಸ್ವಾತಂತ್ರ್ಯವಿಲ್ಲ. ಮಗುವಿಗೂ ಮೊದಲು ಅದಿಲ್ಲ. ಊರು, ಭಾಷೆ, ಶಾಲೆ ಎಲ್ಲವೂ ಇತರರು ಕೊಟ್ಟವೇ. ಆದರೆ ಓದು ಬಂದ ದಿನದಿಂದ ಯಾವ ಪುಸ್ತಕದ, ಯಾರ ಒಡನಾಟದ ಪರಿಮಳವನ್ನು ಪಡೆಯಬೇಕೆಂಬುದು ಅವನ ಕೈಯಲ್ಲಿಯೇ ಇದೆ. ಅವನು ಗುರುವಿನ ಮಾತನ್ನು ಎರವಲು ತರಲಿ, ನೆರೆಭಾಷೆಯ ಪದವನ್ನು ತರಲಿ. ತಂದುದನ್ನು ತಂದುದೆಂದು ಹೇಳಲಿ. ಉಪಾಧ್ಯಾಯನಾದವನು ಆ ಎರವಲನ್ನು ಕಿತ್ತೆಸೆಯಹೊರಡದೆ, ಅದರ ಕೆಳಗೆ ಹುಡುಗನ ಸ್ವಂತ ಧಾನ್ಯದ ದನಿ ಕೇಳಿಸುತ್ತಿದೆಯೆ ಎಂದು ಕಿವಿಗೊಡಬೇಕು. ಕೇಳಿಸದಿದ್ದರೆ ಅವಸರಪಡಬಾರದು, ಎಳೆಯದಕ್ಕೆ ಬೇಕಾದುದು ಇನ್ನಷ್ಟು ಕಾಲ.